ಆಸ್ಪತ್ರೆಯ ಎರಡನೆಯ ಬಾಗಿಲು

ಕಾಪುವಿನಿಂದಾಗಲಿ ಕಾರ್ಕಳದಿಂದಾಗಲಿ ಉಡುಪಿಯ ಜಿಲ್ಲಾ ಆಸ್ಪತ್ರೆಗೋ ಮಣಿಪಾಲದ ಆಸ್ಪತ್ರೆಗೋ ಹೊರಟವರು ಬಸ್ಸಿಳಿದು, ಚೀಟಿ ಮಾಡಿಸಿ, ಸಾಲಿನಲ್ಲಿ ಕುಳಿತು ವೈದ್ಯರನ್ನು ಕಾಣುವುದು ಹಳೆಯ ಪದ್ಧತಿ. ಅದು ಇಂದಿಗೂ ತಪ್ಪಿಲ್ಲವಾದರೂ, ಯಾವ ದಿನ ಯಾವ ವೈದ್ಯರಿರುವರು, ಸರಕಾರದ ಯೋಜನೆಯಲ್ಲಿ ಯಾವ ಚಿಕಿತ್ಸೆ ದೊರೆಯುವುದು, ರಕ್ತಪರೀಕ್ಷೆಯ ಫಲವೇನು ಎಂಬಿವನ್ನೆಲ್ಲ ಮನೆಯಲ್ಲಿಯೇ ಕುಳಿತು ಫೋನಿನಲ್ಲಿ ನೋಡುವ ಕಾಲ ಬಂದಿದೆ. ಹೀಗಾಗಿ ಜಾಲತಾಣವು ಆಸ್ಪತ್ರೆಯ ಎರಡನೆಯ ಬಾಗಿಲಾಗಿದೆ. ಕಣ್ಣಿಲ್ಲದವರಿಗೂ, ಕೈ ನಡುಗುವ ವೃದ್ಧರಿಗೂ ಆ ಬಾಗಿಲು ತೆರೆದಿದೆಯೆ? ನಾವು ಇಲ್ಲಿ ವಿಚಾರಿಸಹೊರಟಿರುವುದು ಇದನ್ನೇ.

ದೃಷ್ಟಿಹೀನರು ಜಾಲತಾಣವನ್ನು ಓದುವುದು ಹೇಗೆಂದು ಕೆಲವರು ಕೇಳಬಹುದು. ಪರದೆಯ ಮೇಲಿನ ಅಕ್ಷರವನ್ನು ಧ್ವನಿಯಾಗಿಸುವ ತಂತ್ರಾಂಶಗಳುಂಟು. ಆಸ್ಟ್ರೇಲಿಯಾದಲ್ಲಿ 2006ರಲ್ಲಿ ಆರಂಭವಾದ 'ಎನ್.ವಿ.ಡಿ.ಎ.' ಎಂಬುದು ಉಚಿತವಾಗಿ ದೊರೆಯುವುದಲ್ಲದೆ ಕನ್ನಡವನ್ನೂ ಓದಬಲ್ಲುದು. ಆದರೆ ಅಕ್ಷರವು ಅಕ್ಷರವಾಗಿಯೇ ಇರಬೇಕು. ಕಾಗದದ ಪ್ರಕಟಣೆಯ ಚಿತ್ರ ತೆಗೆದು ಏರಿಸಿದರೆ ಅದು ಈ ಯಂತ್ರಕ್ಕೆ ಬರಿಯ ಚಿತ್ರ. ಯೂನಿಕೋಡ್ ಅಲ್ಲದ ಹಳೆಯ ಪದ್ಧತಿಯಲ್ಲಿ ಕನ್ನಡವನ್ನು ಅಚ್ಚಿಳಿಸಿದರೆ, ನಮ್ಮ ಕಣ್ಣಿಗೆ ಸೊಗಸಾಗಿ ಕಾಣುವ ಪುಟವು ಅವರ ಕಿವಿಗೆ ಅರ್ಥವಿಲ್ಲದ ಗದ್ದಲವಾಗಿ ಬೀಳುವುದು. ಮಂದದೃಷ್ಟಿಯವರಿಗೆ ಬೂದುಬಣ್ಣದ ಸಣ್ಣಕ್ಷರವೂ, ಬೆರಳು ನಿಧಾನವಾದವರಿಗೆ ಕ್ಷಣದಲ್ಲಿ ಗಡು ಮುಗಿಯುವ ಅರ್ಜಿಯೂ ಅಂತಹವೇ ತಡೆಗಳು.

ಈ ವಿಷಯದಲ್ಲಿ ಕಾನೂನು ಮೌನವಾಗಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು 2017ರ ಏಪ್ರಿಲ್ 19ರಂದು ಜಾರಿಗೆ ಬಂದಿತು. ಸರಕಾರಿಯಾಗಲಿ ಖಾಸಗಿಯಾಗಲಿ, ಸೇವೆ ನೀಡುವವರೆಲ್ಲರೂ ನಿಯಮಗಳು ಹೊರಟ ಎರಡು ವರ್ಷಗಳೊಳಗೆ ತಮ್ಮ ಸೇವೆಯನ್ನು ಸುಗಮಗೊಳಿಸಬೇಕೆಂದು ಅದರ 46ನೆಯ ಕಲಮು ವಿಧಿಸುತ್ತದೆ. ನಿಯಮಗಳು 2017ರಲ್ಲಿಯೇ ಹೊರಟುದರಿಂದ ಆ ಗಡುವು 2019ರಲ್ಲಿ ತೀರಿತು. ಸರಕಾರಿ ಜಾಲತಾಣಗಳಿಗೆ 2009ರಿಂದ ಮಾರ್ಗಸೂಚಿಯಿದೆ. ಅದರ ಮೂರನೆಯ ಆವೃತ್ತಿ 2023ರಲ್ಲಿ ಬಂದಿತು. ನಿಯಮಗಳಲ್ಲಿ ಹಲವು ಬರಿಯ ಸಲಹೆಗಳಂತಿದ್ದುದನ್ನು ಕಂಡು ಸುಪ್ರೀಂ ಕೋರ್ಟು 2024ರ ನವೆಂಬರ್ 8ರಂದು, ಕಡ್ಡಾಯವಾದ ಮಾನದಂಡಗಳನ್ನು ರಚಿಸಬೇಕೆಂದು ಕೇಂದ್ರಕ್ಕೆ ಆಜ್ಞಾಪಿಸಿತು. 2025ರ ಏಪ್ರಿಲ್ 30ರ ತೀರ್ಪಿನಲ್ಲಿ ಡಿಜಿಟಲ್ ಸೇವೆಗಳ ಪ್ರವೇಶವು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನೊಳಗೇ ಸೇರುವುದೆಂದು ಸಾರಿತು. ಅಮೆರಿಕದಲ್ಲಿಯೂ ಆರೋಗ್ಯ ಇಲಾಖೆಯ ಧನಸಹಾಯ ಪಡೆಯುವ ಸಂಸ್ಥೆಗಳ ಜಾಲತಾಣಗಳಿಗೆ 2024ರ ಮೇ ತಿಂಗಳಲ್ಲಿ ಇಂತಹುದೇ ಕಟ್ಟಳೆ ಪ್ರಕಟವಾಯಿತು.

ನಮ್ಮ ಜಿಲ್ಲೆಯ ಬಡ ಕುಟುಂಬಕ್ಕೆ ಇದರಿಂದೇನು? 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯುಂಟು. ಯಾವ ಆಸ್ಪತ್ರೆ ಯೋಜನೆಗೆ ಸೇರಿದೆ, ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಯಾವ ರೋಗಕ್ಕೆ ಬೇಕು ಎಂಬುದನ್ನು ಅರಿಯದೆ ಹೊರಟವನು ಮಣಿಪಾಲಕ್ಕೆ ಹೋಗಿ ಪತ್ರಕ್ಕಾಗಿ ಮತ್ತೆ ಉಡುಪಿಗೆ ಮರಳಬೇಕಾದೀತು. ರೋಗಿಗೆ ಅದು ಕೇವಲ ಬಸ್ಸಿನ ಹಣದ ಮಾತಲ್ಲ.

ಇದಕ್ಕಿಂತ ಹೆಚ್ಚಿನದು ಮಾನದ ಪ್ರಶ್ನೆ. ದೃಷ್ಟಿಯಿಲ್ಲದ ಹೆಂಗಸು ತನ್ನ ಗರ್ಭಪರೀಕ್ಷೆಯ ವರದಿಯನ್ನು ನೆರೆಮನೆಯ ಹುಡುಗನಿಂದ ಓದಿಸಿ ಕೇಳಬೇಕಾದರೆ, ಅವಳ ಗುಟ್ಟು ಅವಳದಾಗಿ ಉಳಿಯುವುದೆಂತು?

ವಾಚಕರು ಮಾಡಬಹುದಾದ ಕಾರ್ಯವೂ ಇದೆ. ಗಣಕಯಂತ್ರದ ಮೌಸನ್ನು ಬದಿಗಿಟ್ಟು, ಕೀಲಿಮಣೆಯ 'ಟ್ಯಾಬ್' ಗುಂಡಿಯೊಂದರಿಂದಲೇ ನಿಮ್ಮ ಆಸ್ಪತ್ರೆಯ ಪುಟದಲ್ಲಿ ಮುಂದುವರಿದು ನೋಡಿರಿ; ಎಲ್ಲಿ ಸಿಕ್ಕಿಬೀಳುವಿರೋ ಅಲ್ಲಿ ತಡೆಯಿದೆಯೆಂದು ತಿಳಿಯಿರಿ. ಅದನ್ನು ಆಸ್ಪತ್ರೆಗೆ ಬರೆದು ತಿಳಿಸಿರಿ. ಫಲವಾಗದಿದ್ದರೆ ಅಂಗವಿಕಲರ ರಾಜ್ಯ ಆಯುಕ್ತರಿಗೆ ದೂರು ಸಲ್ಲಿಸಬಹುದು.

2011ರ ಜನಗಣತಿಯಂತೆ ಕರ್ನಾಟಕದಲ್ಲಿ ಅಂಗವಿಕಲರ ಸಂಖ್ಯೆ 13 ಲಕ್ಷಕ್ಕೂ ಮಿಕ್ಕಿದೆ. ಕಣ್ಣು ಮಂಜಾದ ಹಿರಿಯರನ್ನು ಸೇರಿಸಿದರೆ ಈ ಮಾತು ಮುಟ್ಟದ ಮನೆಯೇ ವಿರಳ. ಕನಕನಿಗೆ ಕಿಂಡಿಯಾದ ಕಥೆ ಉಡುಪಿಯವರಿಗೆ ಹೊಸದಲ್ಲ. ಭಕ್ತನಿಗೆ ಕಿಂಡಿ ಸಾಕಾಯಿತು. ರೋಗಿಗೆ ಬಾಗಿಲೇ ಬೇಕು.