ಕಾಡು ಕಡಿದ ಇಳಿಜಾರಿನ ಭೂಸಾರ

ಮಲೆನಾಡಿನಲ್ಲಿಯೂ ಘಟ್ಟದ ಕೆಳಗಣ ಸೀಮೆಯಲ್ಲಿಯೂ ಕಾಡನ್ನು ಕಡಿದು ಹೊಸದಾಗಿ ಸಾಗುವಳಿಗೆ ತಂದ ನೆಲವು ಮೊದಲ ಒಂದೆರಡು ವರ್ಷ ಗೊಬ್ಬರವಿಲ್ಲದೆಯೇ ಹುಲುಸಾದ ಬೆಳೆಯನ್ನು ಕೊಡುವುದುಂಟು. ಇದರಿಂದ ಆ ಮಣ್ಣು ಸ್ವಭಾವತಃ ಬಲು ಸಾರವುಳ್ಳದ್ದೆಂದು ಅನೇಕ ಹಿಡುವಳಿದಾರರು ಭಾವಿಸುವರು. ವಾಸ್ತವದಲ್ಲಿ ಸಾರದ ಬಹುಭಾಗವು ಮರಗಳಲ್ಲಿಯೂ, ತರಗೆಲೆ ಕೊಳೆತು ಉಂಟಾದ ಮೇಲ್ಮಣ್ಣಿನ ಕೆಲವೇ ಅಂಗುಲಗಳಲ್ಲಿಯೂ ಇರುವುದೇ ಹೊರತು ಅಡಿಯ ಜಂಬಿಟ್ಟಿಗೆ ಮಣ್ಣಿನಲ್ಲಿಲ್ಲ.

ಇದನ್ನು ಹಿಂದಿನವರು ಅನುಭವದಿಂದ ಬಲ್ಲವರಾಗಿದ್ದರು. 1801ರಲ್ಲಿ ಕನ್ನಡ ಜಿಲ್ಲೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬವರು ಅಲ್ಲಿಯ ಕುಮರಿ ಬೇಸಾಯವನ್ನು ಕುರಿತು ಬರೆದಿರುವರು. ಕುಮರಿಯವರು ಮರಗಳನ್ನು ಕಡಿದು ಒಣಗಿಸಿ, ಮಳೆಗೆ ಮುಂಚೆ ಸುಟ್ಟು, ಆ ಬೂದಿಯಲ್ಲಿ ರಾಗಿ ಮುಂತಾದವುಗಳನ್ನು ಬಿತ್ತುತ್ತಿದ್ದರು. ಒಂದೆರಡು ಬೆಳೆ ತೆಗೆದ ಮೇಲೆ ಅನೇಕ ವರ್ಷ ಆ ನೆಲವನ್ನು ಮತ್ತೆ ಕಾಡಿಗೆ ಬಿಡುತ್ತಿದ್ದರು. ಬೂದಿಯಿಂದ ನೆಲಕ್ಕೆ ಸುಣ್ಣವೂ ಪೊಟ್ಯಾಷೂ ದೊರೆತು ಮಣ್ಣಿನ ಹುಳಿ ತಗ್ಗುವುದು ನಿಜ. ಆದರೆ ಸುಟ್ಟ ಸೊಪ್ಪುಸದೆಯಲ್ಲಿದ್ದ ಸಾರಜನಕವು ಬಹುಮಟ್ಟಿಗೆ ಹೊಗೆಯೊಡನೆ ಹೋಗುವುದು. ಬೂದಿಯ ಗುಣವನ್ನೂ ಮಳೆಯು ಬೇಗನೆ ತೊಳೆಯುವುದು. 1860ರಲ್ಲಿ ಮದರಾಸು ಸರ್ಕಾರದವರು ಅಪ್ಪಣೆಯಿಲ್ಲದೆ ಕುಮರಿ ಕಡಿಯಕೂಡದೆಂದು ತಡೆದರು. ಕುಮರಿಯವರನ್ನು ದೂಷಿಸುವುದು ಸುಲಭ. ನೆಲಕ್ಕೆ ಬಿಡುವನ್ನೇ ಕೊಡದೆ ವರ್ಷವರ್ಷವೂ ಇಳಿಜಾರನ್ನು ಅಗೆಯುವುದು ಅದಕ್ಕಿಂತ ಹೆಚ್ಚಿನ ಕೇಡು.

ಕಾಡಿನಲ್ಲಿ ಮಣ್ಣನ್ನು ಕಾಯುವುದು ಮರದ ಮೇಲಣ ಎಲೆಗಿಂತಲೂ ಬುಡದಲ್ಲಿ ಬಿದ್ದಿರುವ ತರಗು. ಅದು ಹೋದರೆ ಮಳೆಹನಿಯ ಪೆಟ್ಟಿಗೆ ಮಣ್ಣಿನ ರಂಧ್ರಗಳು ಮುಚ್ಚಿ, ನೀರು ಇಂಗದೆ ಮೇಲೆಯೇ ಹರಿಯುವುದು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಬೀಳುವುದು. ಅಂಥ ಸೀಮೆಯಲ್ಲಿ ಬರಿಯ ಇಳಿಜಾರಿನ ಗತಿಯನ್ನು ಊಹಿಸಬಹುದು. ಒಂದು ಎಕರೆಯಿಂದ ಒಂದೇ ಅಂಗುಲ ಮಣ್ಣು ಕೊಚ್ಚಿಹೋದರೆ ಸುಮಾರು 130 ಟನ್ನುಗಳಾಗುವುದು. ಗಾಡಿಗೆ ಅರ್ಧ ಟನ್ನಿನಂತೆ 260 ಗಾಡಿ! ಹೀಗೆ ಹೋದ ಮಣ್ಣಿನಲ್ಲಿ ಮರಳೂ ಗರಸೂ ಕೆಳಗಣ ಗದ್ದೆಯಲ್ಲಿ ನಿಲ್ಲುವುವು. ಸಾರವುಳ್ಳ ನಯವಾದ ಮಣ್ಣು ಹಳ್ಳದ ಪಾಲಾಗುವುದು. ಮೇಲಿನವನು ಕಡಿದ ಕಾಡಿಗೆ ಕೆಳಗಿನವನ ಗದ್ದೆ ದಂಡ ತೆರುವುದು.

ಆದುದರಿಂದ ಗದ್ದೆಗಳ ಮೇಲಣ ಗುಡ್ಡದ ನೆತ್ತಿಯನ್ನೂ ಹಳ್ಳದ ಎರಡು ದಂಡೆಗಳನ್ನೂ ಬೋಳುಮಾಡದಂತೆ ಊರ ಮುಖಂಡರು ನೋಡಿಕೊಳ್ಳಬೇಕು. ಈಗಾಗಲೇ ಸಾಗುವಳಿಯಾಗಿರುವ ಇಳಿಜಾರಿನಲ್ಲಿ ಸಮಮಟ್ಟದ ಬದುಗಳನ್ನು ಅಡ್ಡಲಾಗಿ ಹಾಕಿ, ಅವುಗಳ ಮೇಲೆ ಲಾವಂಚವನ್ನು ನೆಡತಕ್ಕದ್ದು. ಶುಂಠಿಯ ಮಡಿಗಳನ್ನು ಮೇಲಿನಿಂದ ಕೆಳಕ್ಕೆ ಎಳೆಯದೆ ಇಳಿಜಾರಿಗೆ ಅಡ್ಡಲಾಗಿ ಮಾಡಿ, ಹೆಚ್ಚಿದ ನೀರು ಮೆಲ್ಲಗೆ ಹೊರಹೋಗುವಂತೆ ಕಾಲುವೆ ಬಿಟ್ಟು, ಸೊಪ್ಪನ್ನು ದಪ್ಪವಾಗಿ ಹೊದಿಸಬೇಕು. ತರಗನ್ನು ಸುಡಕೂಡದು. ಮೇಲಣ ಜಮೀನಿನವನು ಸುಮ್ಮನಿದ್ದರೆ ಕೆಳಗಣವನ ಬದು ಮೊದಲ ದೊಡ್ಡ ಮಳೆಗೇ ಒಡೆಯುವುದರಿಂದ, ಒಂದು ಗುಡ್ಡದ ಹಿಡುವಳಿದಾರರೆಲ್ಲರೂ ಕೂಡಿ ನೆತ್ತಿಯಿಂದ ಕೆಲಸವನ್ನು ಆರಂಭಿಸಿ ಮೇ ತಿಂಗಳೊಳಗೆ ಮುಗಿಸತಕ್ಕದ್ದು.