ಟ್ರಾಫಿಕ್‌ನಲ್ಲಿ ಎಡಗಾಲಿಗೆ ವಿಶ್ರಾಂತಿ: ಎಎಂಟಿ ಸೆಲೆರಿಯೊ ಕೊಳ್ಳುವ ಮುನ್ನ ಇದನ್ನು ತಿಳಿಯಿರಿ

ಕಲ್ಯಾಣ, ಡೊಂಬಿವಲಿಯಿಂದ ಶಿಳ್‌ಫಾಟಾ ಮೂಲಕ ಥಾಣೆ, ನವಿ ಮುಂಬೈಗೆ ನಿತ್ಯ ಕಾರಿನಲ್ಲಿ ಓಡಾಡುವವರಿಗೆ ಪದೇ ಪದೇ ಕ್ಲಚ್ ತುಳಿಯುವುದೇ ತಲೆನೋವು. ಇಂಥವರ ಗಮನ ಸೆಳೆದದ್ದು 2014ರಲ್ಲಿ ಎಎಂಟಿ ಗೇರ್‌ಬಾಕ್ಸ್‌ನೊಂದಿಗೆ ಬಂದ ಮಾರುತಿ ಸುಜುಕಿ ಸೆಲೆರಿಯೊ. 998 ಸಿಸಿ ಪೆಟ್ರೋಲ್ ಎಂಜಿನ್, 3.6 ಮೀಟರ್ ಉದ್ದ. ಇಕ್ಕಟ್ಟಾದ ಪಾರ್ಕಿಂಗ್‌ಗೂ ಹೊಂದುತ್ತದೆ.

ಆದರೆ ನೆನಪಿರಲಿ, ಇದರಲ್ಲಿ ಇಲ್ಲದಿರುವುದು ಕ್ಲಚ್ ಪೆಡಲ್ ಮಾತ್ರ, ಕ್ಲಚ್ ಅಲ್ಲ. ಕಾಲಿನ ಕೆಲಸವನ್ನು ಯಂತ್ರವೇ ಮಾಡುತ್ತದೆ. ಹಾಗಾಗಿ ಗೇರ್ ಬದಲಾಗುವಾಗ ಕಾರು ತುಸು ಜಗ್ಗಿದಂತಾಗುತ್ತದೆ. ಮೇಲ್ಸೇತುವೆಯ ಏರಿನಲ್ಲಿ ಆಕ್ಸಿಲರೇಟರ್ ಒತ್ತಿಯೇ ಕಾರನ್ನು ನಿಲ್ಲಿಸಿಕೊಂಡರೆ ಕ್ಲಚ್ ಬಿಸಿಯಾಗಿ ಬೇಗ ಸವೆಯುತ್ತದೆ. ಬ್ರೇಕ್ ಹಿಡಿಯಿರಿ, ಹೊರಡುವಾಗ ಹ್ಯಾಂಡ್‌ಬ್ರೇಕ್ ನೆರವು ಪಡೆಯಿರಿ. ಏರಿನಲ್ಲಿ ಕಾರು ಹಿಂದಕ್ಕೆ ಜಾರದಂತೆ ತಡೆಯುವ ಹಿಲ್ ಹೋಲ್ಡ್ ಬೇಕೆಂದರೆ, 2021ರ ನವೆಂಬರ್‌ನಲ್ಲಿ ಬಂದ ಹೊಸ ತಲೆಮಾರಿನ ಎಎಂಟಿ ಸೆಲೆರಿಯೊವನ್ನೇ ನೋಡುವುದು ಒಳ್ಳೆಯದು.