ಭೂಮಿಗೆ ಬಯಕೆಯೂಟ ಹೊರುವ ಚಿತ್ತಾರ

ನವರಾತ್ರಿಯ ಸಂಭ್ರಮವಡಗಿ ಆಶ್ವಯುಜದ ಹುಣ್ಣಿಮೆ ಸಮೀಪಿಸುವ ಹೊತ್ತಿಗೆ ಮಲೆನಾಡಿನ ಗದ್ದೆಗಳಲ್ಲಿ ಬತ್ತವು ಹೊಡೆ ತುಂಬಿ ನಿಂತಿರುತ್ತದೆ. ತುಂಗೆಯ ದಡದ ಶೃಂಗೇರಿ, ಅಡಕೆ ತೋಟಗಳ ಕೊಪ್ಪ, ಭದ್ರೆಯ ಹಿನ್ನೀರಿಗೆ ಹತ್ತಿರವಾದ ನರಸಿಂಹರಾಜಪುರ—ಈ ಸೀಮೆಯಿಂದ ಉತ್ತರದ ಸಾಗರ, ಸೊರಬಗಳವರೆಗೂ ಅದು ಭೂಮಿ ಹುಣ್ಣಿಮೆಯ ಕಾಲ. ಭೂಮಿಯೀಗ ಬಸುರಿ, ಆಕೆಗೆ ಬಯಕೆಯೂಟ ಬಡಿಸಬೇಕೆಂಬುದು ಬೇಸಾಯಗಾರರ ನಂಬಿಕೆ. ಚೊಚ್ಚಲ ಬಸುರಿಯಾದ ಮಗಳನ್ನು ತವರಿಗೆ ಕರೆತಂದು ಉಪಚರಿಸುವ ಮನೆಗಳಿಗೆ ಈ ಭಾವನೆಯನ್ನು ವಿವರಿಸಿ ಹೇಳಬೇಕಾದುದಿಲ್ಲ.

ಸಾಗರ, ಸೊರಬಗಳ ದೀವರ ಮನೆಗಳಲ್ಲಿ ಈ ಊಟದ ಸಿದ್ಧತೆಯು ಒಲೆಯ ಮುಂದಲ್ಲ, ಬಿದಿರಿನ ಬುಟ್ಟಿಯ ಮೇಲೆ ಆರಂಭವಾಗುತ್ತದೆ. ಹೆಂಗಸರು ಬುಟ್ಟಿಗೆ ಸೆಗಣಿ ಬಳಿದು, ಒಣಗಿದ ಮೇಲೆ ಕೆಮ್ಮಣ್ಣು ಹಚ್ಚಿ, ನೆನೆಸಿ ಅರೆದ ಅಕ್ಕಿಯ ಹಿಟ್ಟಿನಿಂದ ಚಿತ್ತಾರ ಬರೆಯುತ್ತಾರೆ. ಪುಂಡಿಯ ನಾರೇ ಕುಂಚ. ಮದುವೆಯ ಹಸೆಗೋಡೆಯ ಚಿತ್ತಾರಕ್ಕೂ ಇವೇ ಸಾಮಗ್ರಿಗಳು. ಅಲ್ಲಿಗೆ ಬೇಕಾಗುವ ಕಪ್ಪು ಹುರಿದು ಕರಿಕಾದ ಅಕ್ಕಿಯಿಂದ, ಹಳದಿ ಗುರಿಗೆ ಕಾಯಿಯಿಂದ ದೊರೆಯುತ್ತದೆ. ಗದ್ದೆ, ಕಾಡು, ಕೊಟ್ಟಿಗೆಗಳು ಕೊಟ್ಟುದೇ ಬಣ್ಣ.

ಬುಟ್ಟಿಯ ಸುತ್ತ ಬತ್ತದ ಸಸಿ, ತೆನೆ, ಬಂಡಿ, ಹಕ್ಕಿ, ಹಾವು, ಚೇಳುಗಳು ಮೂಡುತ್ತವೆ. ಅವುಗಳ ನಡುವೆ ನಾಲ್ಕಾರು ಗೆರೆಗಳಲ್ಲಿ ಮನುಷ್ಯರೂ ಇದ್ದಾರೆ. ಮನುಷ್ಯನು ಇಲ್ಲಿ ಒಡೆಯನಂತೆ ನಿಂತವನಲ್ಲ. ತೆನೆಯೊಡನೆ, ಹಕ್ಕಿಯೊಡನೆ ಅವನೂ ಒಬ್ಬ ನೆಂಟ.

ಹಬ್ಬದ ಹಿಂದಿನ ರಾತ್ರಿಯೆಲ್ಲ ಹೆಂಗಸರು ಎಚ್ಚರವಿದ್ದು ಕಡುಬು ಮೊದಲಾದ ಅಡಿಗೆ ಮಾಡುತ್ತಾರೆ. ಹಲವು ಬಗೆಯ ಸೊಪ್ಪುಗಳನ್ನು ಬೇಯಿಸಿದ ಹಚ್ಚಂಬಲಿಯೂ ಸಿದ್ಧವಾಗುತ್ತದೆ. ನಸುಕಿನಲ್ಲಿ ಗಂಡಸರು ಬುಟ್ಟಿ ಹೊತ್ತು ಗದ್ದೆಗೆ ನಡೆದು ಹಚ್ಚಂಬಲಿಯನ್ನು ಪೈರಿಗೆ ಬೀರುತ್ತಾರೆ. ಪೂಜೆಯ ಎಡೆಯಲ್ಲಿ ಕಾಗೆಗೂ ಇಲಿಗೂ ಪಾಲುಂಟು.

ಈಗ ಚಿತ್ತಾರವು ಕಾಗದ, ಬಟ್ಟೆಗಳ ಮೇಲೂ ಮೂಡಿ, ಚೌಕಟ್ಟು ತೊಟ್ಟು, ನಗರದ ಗೋಡೆಗಳನ್ನು ಸೇರಿದೆ. ಕೈಕೆಲಸಕ್ಕೆ ಹಣವೂ ಮನ್ನಣೆಯೂ ದೊರೆತುದು ಸಂತೋಷವೇ. ಆದರೆ ಇತ್ತ ಮಲೆನಾಡಿನ ಎಷ್ಟೋ ಬತ್ತದ ಗದ್ದೆಗಳು ಅಡಕೆ ತೋಟಗಳಾಗಿವೆ. ಮಣ್ಣಿನ ಗೋಡೆಗಳಿದ್ದೆಡೆ ಸಿಮೆಂಟು ಬಂದಿದೆ. ಗೋಡೆ ಹೋದರೆ ಚಿತ್ತಾರವು ಕಾಗದಕ್ಕೆ ಏರೀತು. ಗದ್ದೆ ಹೋದರೆ ಬುಟ್ಟಿಯು ಯಾರ ಬಳಿಗೆ ಹೋದೀತು?

ನೋಡಲೆಂದಷ್ಟೇ ಬರೆದ ಚಿತ್ರವಲ್ಲ ಇದು. ಬುತ್ತಿ ಹೊತ್ತು ನಡೆಯುವ ಚಿತ್ರ. ಅತ್ತ ಕಡೆ ಉಣ್ಣುವ ತಾಯಿ ಇರುವವರೆಗೆ ಮಾತ್ರ ಅದರ ನಡಿಗೆಗೆ ಅರ್ಥ.